ಉಳ್ಳೆ

ಬೋಳಾರದ ಹಂಚಿನ ಕಾರ್ಖಾನೆ ಮುಚ್ಚಿದ ಮೇಲೆ
ಅದರ ಗೋದಾಮಿನ ಹಿಂದಿನ ಕೋಣೆ ನಮ್ಮದು.
ನಲವತ್ತೊಂದು ಕಂಪ್ಯೂಟರು, ಯಾವುದೋ ಬ್ಯಾಂಕು ಹರಾಜು ಹಾಕಿದವು.
ಒಂದೆರಡರ ಬೆನ್ನಿಗೆ ಇನ್ನೂ ‘ಠೇವಣಿ ವಿಭಾಗ’ದ ಚೀಟಿ.
ನನ್ನದು ರಾತ್ರಿಪಾಳಿ.

ಕೆಲಸ ಇಷ್ಟೆ:
ಎರಡು ಹೊಳೆ ಒಂದಾಗಿ ಕಡಲಿಗಿಳಿಯುವ ಅಳಿವೆಬಾಗಿಲಲ್ಲಿ
ಬರುವ ತಿಂಗಳು ಮರಳು ಎಲ್ಲಿ ಕೂರುತ್ತದೆ,
ದೋಣಿ ಮಗುಚುವ ಮೊದಲು ಹೇಳಬೇಕು.
ಒಂದೇ ಯಂತ್ರಕ್ಕೆ ಕೊಟ್ಟರೆ ಎರಡು ಮಳೆಗಾಲ ಬೇಕು.
ಅಷ್ಟರಲ್ಲಿ ಮರಳಿಗೂ ಬೇಸರ ಬಂದು ಜಾಗ ಬದಲಿಸಿರುತ್ತದೆ.
ಹಾಗಾಗಿ ನೀರನ್ನು ಚೌಕ ಚೌಕ ಕತ್ತರಿಸಿ ಹಂಚುತ್ತೇನೆ.

ಕತ್ತರಿಸಿ, ಅಂದೆನೆ?
ಕುಳಾಯಿಯ ನಮ್ಮ ಜಗಲಿಯಲ್ಲಿ
ತಗಡಿನ ಅಳತೆಯಿಟ್ಟು ಅಮ್ಮ ಬೀಡಿಯೆಲೆ ಕತ್ತರಿಸುವ
ಕರಕ್ ಕರಕ್.
ಬ್ರಾಂಚಿನಿಂದ ತೂಗಿ ತಂದ ಎಲೆ, ಹೊಗೆಸೊಪ್ಪು, ನೂಲಿನುಂಡೆ,
ಹನ್ನೊಂದು ಮನೆಗೆ ಹನ್ನೊಂದು ಪಾಲು.
ಲೆಕ್ಕ ಮೂರು ಕಡೆ: ಪುಸ್ತಕದಲ್ಲಿ, ಕ್ಯಾಲೆಂಡರಿನ ಬೆನ್ನಲ್ಲಿ,
ಅವಳ ತಲೆಯಲ್ಲಿ.
ಒಮ್ಮೆ ಗೆದ್ದಲು ಪುಸ್ತಕ ತಿಂದಿತು. ಯಾರಿಗೂ ಒಂದು ಪೈಸೆ ಕಡಿಮೆಯಾಗಲಿಲ್ಲ.

ಮೂರು ಸೆಕೆಂಡಿಗೊಮ್ಮೆ ಪ್ರತಿ ಯಂತ್ರವೂ
ಬದುಕಿದ್ದೇನೆ ಎಂದು ಹೇಳಬೇಕು. ಅದು ನಿಯಮ.
ಯಾವ ಮಾತಲ್ಲಿ ಎಂದು ನಿಯಮದಲ್ಲಿಲ್ಲ.
ನಾನು ತುಳುವಿನಲ್ಲಿ ಬರೆದೆ: ಉಳ್ಳೆ.
ಈಗ ಕಪ್ಪು ಪರದೆಯ ತುಂಬ
ಉಳ್ಳೆ ಉಳ್ಳೆ ಉಳ್ಳೆ
ಹಾಜರಿ ಕೂಗಿದ ಶಾಲೆಯ ಹಾಗೆ.

ಚೌಕಕ್ಕೆ ಗೋಡೆಯಿಲ್ಲ.
ಪ್ರತಿ ಹೆಜ್ಜೆಗೂ ಪಕ್ಕದವರನ್ನು ಕೇಳಬೇಕು:
ನಿನ್ನ ಕಡೆಯಿಂದ ಎಷ್ಟು ನೀರು ಬಂತು, ಎಷ್ಟು ಮರಳು ತಂತು?
ಉತ್ತರ ಬರುವವರೆಗೆ ಕಾಯಬೇಕು.
ಎಲ್ಲರಿಗಿಂತ ನಿಧಾನದವನು ಎಷ್ಟು ವೇಗವೋ
ಎಲ್ಲರೂ ಅಷ್ಟೇ ವೇಗ.

ಎರಡೂ ಹತ್ತಕ್ಕೆ ಹದಿನೇಳು ಸುಮ್ಮನಾಯಿತು.
ಹದಿನಾರು ಕೇಳಿತು. ಹದಿನೆಂಟು ಕೇಳಿತು.
ಅರ್ಧ ಕಡಲು ಕಾಲೆತ್ತಿ ನಿಂತಿತು.
ಮೂವತ್ತು ಎಣಿಸಿ ಸತ್ತಿದೆ ಎಂದು ಬರೆದು
ಅದರ ಚೌಕ ಇಪ್ಪತ್ತಮೂರಕ್ಕೆ ಕೊಟ್ಟೆ.

ಮುತ್ತಕ್ಕನಿಗೆ ವಿಷಮಶೀತ ಜ್ವರ ಬಂದ ವಾರ
ಮೈಮೂನ ನೂರೈವತ್ತು, ಸೆವ್ರಿನ್ ಬಾಯಿ ಇನ್ನೂರು,
ಅಮ್ಮ ದೀಪ ಸಣ್ಣ ಮಾಡಿ ಉಳಿದದ್ದು.
ಕನಿಕರ ಅಂತ ನಾನು ಎಲ್ಲೋ ಬರೆದಿದ್ದೆ.
ಅಮ್ಮ ಓದಿಸಿ ಕೇಳಿ ನಕ್ಕಳು:
ಎಂಥ ಕನಿಕರ ಮಾರಾಯ್ತಿ, ಒಬ್ಬಳ ಪಾಲು ಬಾರದಿದ್ದರೆ
ಶನಿವಾರ ಚೆಕ್ಕರ್ ಯಾರ ಕಟ್ಟನ್ನೂ ಮುಟ್ಟುತ್ತಿರಲಿಲ್ಲ.

ನಾಲ್ಕೂವರೆಗೆ ಹದಿನೇಳರ ಫ್ಯಾನಿನಿಂದ
ಹಲ್ಲಿಯೊಂದನ್ನು ಬಿಡಿಸಿ ತೆಗೆದೆ. ಬಾಲವಿರಲಿಲ್ಲ.
ಸ್ವಿಚ್ಚು ಒತ್ತಿದೆ. ಉಳ್ಳೆ, ಅಂತು.
ತಾನು ಸತ್ತದ್ದು ಅದಕ್ಕೆ ಗೊತ್ತಿಲ್ಲ.
ಬಿಟ್ಟಲ್ಲಿಂದ ಹಿಡಿದು, ಚೌಕ ಮುಗಿಸಿ
ಸರಿಯಾದ ಉತ್ತರವನ್ನೇ ತಂದು ನನ್ನ ಮುಂದಿಟ್ಟಿತು.

ಒಂದು ಚೌಕಕ್ಕೆ ಒಂದೇ ಉತ್ತರ. ಮೊದಲು ಬಂದದ್ದು ಉಳಿಯುತ್ತದೆ.
ನಾನು ಅಳಿಸಿದೆ.

ಚೆಕ್ಕರ್ ನೆನಪಾದ.
ಒಳ್ಳೆಯ ಕಟ್ಟನ್ನೇ ಮೂಗಿನ ಹತ್ತಿರ ಹಿಡಿದು
ನಡುವೆ ಮುರಿದು ಮೇಜಿನಡಿಗೆ ಬಿಸಾಡಿ
ಮುಂದಿನವಳು ಬರಲಿ, ಅನ್ನುತ್ತಿದ್ದ.
ಅವನ ಕುರ್ಚಿಯೂ ಹೀಗೇ ಕಿರುಗುಡುತ್ತಿತ್ತು.

ಬೆಳಕು ಹರಿಯುವಾಗ ನಕ್ಷೆ ಸಿದ್ಧ.
ಮರಳು ಬೆಂಗ್ರೆಯ ಕಡೆಗೆ ಹೊರಳಿ ಮಲಗಿದೆ.
ಬಲಮೂಲೆಯಲ್ಲಿ ಸಂಸ್ಥೆಯ ಹೆಸರು,
ಬೀಡಿಕಟ್ಟಿನ ಮೇಲೆ ಅಂಟಿಸುವ ಲೇಬಲಿನಷ್ಟೇ ಅಗಲ.
ದಕ್ಕೆಯಲ್ಲಿ ಅದನ್ನು ನೋಡಿದ ಸಂಕಪ್ಪಣ್ಣ
ತಿರುಗಿಸಿ ಹಿಡಿದು, ಮತ್ತೆ ತಿರುಗಿಸಿ,
ನೀರಿನ ಬಣ್ಣ ಮೊನ್ನೆಯೇ ಹೇಳಿತ್ತು, ಅಂದ.
ಆಮೇಲೆ ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ,
ಬೀಡಿಯ ಪಕ್ಕ.